ಗಲ್ಲಾದ ಕೀಲಿ ಯಾರ ಕೈಯಲ್ಲಿ?



ಗಡಿಯ ಆಚೆ ಮಾಜಾಳಿ, ಅನಮೋಡ, ಕಣಕುಂಬಿ ಕಡೆ ಕುಳಿತು ಕೇಳುತ್ತಿರುವವರಿಗೂ, ಈಚೆ ಪೋಳೆಂ, ಕಾಣಕೋಣ, ಮೊಲೆಂ, ವಾಳಪೈ ಕಡೆ ಇರುವವರಿಗೂ ಇವತ್ತಿನ ಮಾತು ಒಂದೇ. ನಿಮ್ಮಲ್ಲಿ ಕೆಲವರು ಸ್ವಂತ ಅಂಗಡಿ ಇಟ್ಟವರು. ಕಿರಾಣಿ, ಹಾರ್ಡ್‌ವೇರ್, ಬೇಕರಿ, ನಾಲ್ಕು ಮೇಜಿನ ಖಾನಾವಳಿ, ಕೊಂಕಣಿಯಲ್ಲಿ ಪೊಸ್ರೊ ಅನ್ನುತ್ತೇವಲ್ಲ, ಅಂಥದ್ದು. ಇನ್ನು ಕೆಲವರು ಅಂಥ ಅಂಗಡಿಯಲ್ಲಿ ಪಗಾರಕ್ಕೆ ನಿಂತವರು. ಅಂಗಡಿಯ ಒಳಗಿನವರಿಂದಲೇ ಅಂಗಡಿಗೆ ಆಗುವ ನಷ್ಟ, ಅದನ್ನು ತಡೆಯುವ ಬಗೆ, ಇದು ಇವತ್ತಿನ ವಿಷಯ. ಮಾಲೀಕರಿಗೆ ಮಾತ್ರ ಹೇಳುವ ವಿಷಯ ಇದು ಎಂದು ಕೆಲಸದವರು ರೇಡಿಯೋ ಬಂದ್ ಮಾಡಬೇಡಿ. ಯಾಕೆ ಎಂಬುದನ್ನು ಮೊದಲು ಹೇಳುತ್ತೇನೆ.

ನಮ್ಮ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಗಡಿ ಹತ್ತಿರದ ಒಂದು ಊರಿನಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದರು. 1998ರ ಮಾತು. ಗಲ್ಲಾದಲ್ಲಿ ದುಡ್ಡು ಕಡಿಮೆ ಬೀಳತೊಡಗಿತು. ಒಮ್ಮೆ 200 ರೂಪಾಯಿ, ಇನ್ನೊಮ್ಮೆ 300. ಭಾವ ನನ್ನನ್ನು ಕೇಳಿದರು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ, ಹಾಗಾಗಿ ದುಡ್ಡಿನ ವಿಷಯ ನನಗೆ ಗೊತ್ತು ಎಂದು ಅವರ ನಂಬಿಕೆ. ನಾನು ಅಂಗಡಿಯ ವಹಿ ನೋಡಲಿಲ್ಲ, ಸರಕು ಎಣಿಸಲಿಲ್ಲ. ಅಂಗಡಿಯಲ್ಲಿ ಬಾದಾಮಿ ಕಡೆಯ ಒಬ್ಬ ಹುಡುಗ ಕೆಲಸಕ್ಕಿದ್ದ, ಇಪ್ಪತ್ತರ ಪ್ರಾಯದವನು. "ಪರವೂರಿನವನು, ಅವನ ಮೇಲೆ ಕಣ್ಣಿಡಿ" ಎಂದುಬಿಟ್ಟೆ. ನಾನೂ ಹೊಟ್ಟೆಪಾಡಿಗೆ ಗೋವೆಗೆ ಬಂದವನೇ ಎಂಬುದು ಆಗ ನೆನಪಾಗಲಿಲ್ಲ. ಒಂದು ಶನಿವಾರ ಮತ್ತೆ ದುಡ್ಡು ಕಡಿಮೆ ಬಿತ್ತು. ಹುಡುಗನನ್ನು ಬಿಡಿಸಿದರು. ಆ ತಿಂಗಳ ಪಗಾರವನ್ನೂ ಕೊಡಲಿಲ್ಲ.

ಅವನು ಹೋದ ಮೇಲೂ ಗಲ್ಲಾದಲ್ಲಿ ದುಡ್ಡು ಕಡಿಮೆ ಬೀಳುವುದು ನಿಲ್ಲಲಿಲ್ಲ.

ನಾಲ್ಕು ತಿಂಗಳ ನಂತರ ನಾನು ರಜೆಯಲ್ಲಿ ಹೋಗಿ ಲೆಕ್ಕಕ್ಕೆ ಕೂತೆ. ಎಣ್ಣೆ ಡಬ್ಬಿಗಳನ್ನು ಹಿಡಿದುಕೊಂಡೆ, ಎಣಿಸಲು ಸುಲಭ ಎಂದು. ತಿಂಗಳ ಮೊದಲ ದಿನ 20 ಡಬ್ಬಿ ಇದ್ದವು, ಆಮೇಲೆ 30 ಬಂದವು, ಈಗ 12 ಉಳಿದಿವೆ. ಅಂದರೆ 38 ಹೋಗಿವೆ. ನಗದು ವಹಿಯಲ್ಲೂ ಉದ್ರಿ ವಹಿಯಲ್ಲೂ ಸೇರಿ 35ರ ದುಡ್ಡು ಮಾತ್ರ ಇತ್ತು. ಮೂರು ಡಬ್ಬಿ ಎಲ್ಲಿ? ದಿನದ ಯಾವ ಹೊತ್ತಿನಲ್ಲಿ ಯಾರು ಗಲ್ಲಾದಲ್ಲಿ ಕೂರುತ್ತಾರೆ ಎಂದು ಕೇಳಿದೆ. ಗೋವೆಯ ಪದ್ಧತಿ ನಿಮಗೆ ಗೊತ್ತು, ಮಧ್ಯಾಹ್ನ ಒಂದರಿಂದ ಮೂರೂವರೆವರೆಗೆ ಊಟ, ಸಣ್ಣ ನಿದ್ದೆ. ಆ ಹೊತ್ತಿಗೆ ಭಾವನವರ ಅಣ್ಣನ ಮಗ ಗಲ್ಲಾದಲ್ಲಿ ಕೂರುತ್ತಿದ್ದ. ಮನೆಯ ಹುಡುಗ. ಅವನಿಗೆ ಗಲ್ಲಾ ಒಪ್ಪಿಸುವಾಗ ಎಣಿಸುವುದಿಲ್ಲ, ತಿರುಗಿ ತೆಗೆದುಕೊಳ್ಳುವಾಗಲೂ ಎಣಿಸುವುದಿಲ್ಲ. ಕೇಳಿದಾಗ ಒಪ್ಪಿಕೊಂಡ. ಮಟಕಾ ಆಡುತ್ತಿದ್ದನಂತೆ.

ಮನೆಯ ವಿಷಯ ಮನೆಯಲ್ಲೇ ಮುಗಿಯಿತು. ಬಾದಾಮಿಯ ಹುಡುಗನದು ಮುಗಿಯಲಿಲ್ಲ. ಅವನು ವಾಸ್ಕೋದಲ್ಲಿ ಇದ್ದಾನೆ ಎಂದು ತಿಳಿದು, ಬಾಕಿ ಪಗಾರ ತೆಗೆದುಕೊಂಡು ಹೋದೆ. ದುಡ್ಡು ಎಣಿಸಿ ಜೇಬಿಗೆ ಹಾಕಿಕೊಂಡ. ಬೈಯಲಿಲ್ಲ. "ಸಾಹೇಬ್ರ, ಅವತ್ತ ನನ್ನ ಮುಂದ ಎಣಸ್ರಿ ಅಂದಿದ್ನೆಲ್ರಿ" ಅಂದ, ಅಷ್ಟೇ. ಹೌದು, ಅಂದಿದ್ದ. ಯಾರೂ ಎಣಿಸಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಅವನ ಮಾನ ನನ್ನ ಒಂದು ಮಾತಿಗೆ ಹೋಗಿತ್ತು.

ಅದಕ್ಕೇ ಹೇಳಿದ್ದು, ಈ ಮಾತು ಕೆಲಸದವರಿಗೂ ಸೇರಿದ್ದು ಎಂದು. ಲೆಕ್ಕ ಇಲ್ಲದ ಅಂಗಡಿಯಲ್ಲಿ ಕಳ್ಳ ಸಿಕ್ಕುವುದಿಲ್ಲ, ಬಡವ ಸಿಕ್ಕುತ್ತಾನೆ.

ಈಗ ಬ್ಯಾಂಕಿನವರು ಏನು ಮಾಡುತ್ತಾರೆ ನೋಡೋಣ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ದೊಡ್ಡ ದೊಡ್ಡ ಲೆಡ್ಜರುಗಳು, ಹಿತ್ತಾಳೆ ಟೋಕನ್ನು, ಸ್ಕ್ರೋಲು. ಒಬ್ಬರು ವೋಚರ್ ಬರೆದರೆ ಇನ್ನೊಬ್ಬರು ಅದಕ್ಕೆ ಸಹಿ ಹಾಕಬೇಕು, ಮೂರನೆಯವರು ದುಡ್ಡು ಕೊಡಬೇಕು. ತಿಜೋರಿಗೆ ಎರಡು ಕೀಲಿ, ಒಂದು ಮ್ಯಾನೇಜರ ಬಳಿ, ಇನ್ನೊಂದು ಕ್ಯಾಶ್ ನೋಡುವವರ ಬಳಿ. ಒಬ್ಬರೇ ಬಂದರೆ ತೆರೆಯುವುದಿಲ್ಲ. ಕೀಲಿಗಳ ಇನ್ನೊಂದು ಪ್ರತಿ ಆ ಶಾಖೆಯಲ್ಲಿ ಇರುವುದಿಲ್ಲ, ಮೊಹರು ಮಾಡಿದ ಲಕೋಟೆಯಲ್ಲಿ ಬೇರೆ ಶಾಖೆಯಲ್ಲಿ ಇರುತ್ತದೆ. ಆರಂಭದಲ್ಲಿ ನನಗೆ ಇದೆಲ್ಲ ಅವಮಾನ ಅನ್ನಿಸುತ್ತಿತ್ತು. ನಮ್ಮನ್ನು ನಂಬುವುದಿಲ್ಲವೇ ಎಂದು. ಒಂದು ದಿನ ಕ್ಯಾಶಿನಲ್ಲಿ 5,000 ರೂಪಾಯಿ ಕಡಿಮೆ ಬಿತ್ತು. ಸಂಜೆ ಒಂದೊಂದೇ ವೋಚರ್ ತೆಗೆದು ತಾಳೆ ನೋಡಿದಾಗ, ಬರೆಯುವಲ್ಲಿ ತಪ್ಪಾಗಿದ್ದು ಸಿಕ್ಕಿತು. ಎರಡನೆಯವರ ಸಹಿ ಇದ್ದದ್ದಕ್ಕೆ ಆ ರಾತ್ರಿ ನಾನು ನಿದ್ದೆ ಮಾಡಿದೆ.

ಬ್ಯಾಂಕಿನಲ್ಲಿ ಇಷ್ಟೆಲ್ಲ ಇದ್ದರೂ ಮೋಸ ನಡೆಯುವುದಿಲ್ಲವೇ? ನಡೆಯುತ್ತದೆ. ಎಲ್ಲಿ ಈ ಕಟ್ಟಳೆ ಸಡಿಲವಾಗುತ್ತದೋ ಅಲ್ಲಿ. ನಮ್ಮ ವಿಜಯಪುರ ಜಿಲ್ಲೆಯ ಮನಗೂಳಿಯದೇ ನೋಡಿ. 2025ರ ಮೇ ಕೊನೆಯ ವಾರ, ವಾರದ ರಜೆಯಲ್ಲಿ, ಅಲ್ಲಿಯ ಕೆನರಾ ಬ್ಯಾಂಕ್ ಶಾಖೆಯಿಂದ ಸುಮಾರು 59 ಕಿಲೋ ಬಂಗಾರ ಹೋಯಿತು. ರೈತರು, ಸಣ್ಣ ವ್ಯಾಪಾರಿಗಳು ಸಾಲಕ್ಕೆ ಅಡವಿಟ್ಟ ಬಂಗಾರ. ಹೊರಗಿನ ದೊಡ್ಡ ಕಳ್ಳರ ಗುಂಪು ಎಂದು ಎಲ್ಲರೂ ಅಂದುಕೊಂಡರು. ಒಂದು ತಿಂಗಳ ನಂತರ ಪೊಲೀಸರು ಬಂಧಿಸಿದವರಲ್ಲಿ ಮುಖ್ಯನಾದವನು ಅದೇ ಶಾಖೆಯ ಹಿಂದಿನ ಮ್ಯಾನೇಜರ್. ಪೊಲೀಸರು ಹೇಳಿದ ಪ್ರಕಾರ, ಅವನು ಅಲ್ಲಿ ಕೆಲಸದಲ್ಲಿದ್ದಾಗಲೇ ಕೀಲಿಗಳ ನಕಲು ಮಾಡಿಸಿಕೊಂಡಿದ್ದ. ಬೇರೆ ಶಾಖೆಗೆ ವರ್ಗವಾಗಿ ಹೋಗುವವರೆಗೆ ಕಾದು, ಆಮೇಲೆ ಕಳವು ನಡೆಸಿದರು, ತನ್ನ ಮೇಲೆ ಅನುಮಾನ ಬಾರದಿರಲಿ ಎಂದು.

ಇದರಲ್ಲಿ ಸಣ್ಣ ಅಂಗಡಿಯವರು ನೋಡಬೇಕಾದ್ದು ಒಂದಿದೆ. ಮನುಷ್ಯ ಹೋದರೂ ಅವನು ತಿಳಿದುಕೊಂಡದ್ದು ಅವನ ಜೊತೆ ಇರುತ್ತದೆ. ನಿಮ್ಮ ಅಂಗಡಿಯಲ್ಲಿ ಮೂರು ವರ್ಷ ಶಟರ್ ಎಳೆದ ಹುಡುಗ ಕೆಲಸ ಬಿಟ್ಟ ದಿನ ಬೀಗ ಬದಲಾಯಿಸುತ್ತೀರಾ? ಹತ್ತರಲ್ಲಿ ಒಂಬತ್ತು ಜನ ಬದಲಾಯಿಸುವುದಿಲ್ಲ ಎಂದು ನನ್ನ ಅಂದಾಜು. ಒಂದು ಒಳ್ಳೆಯ ಬೀಗದ ಬೆಲೆ ಒಂದು ಚೀಲ ಅಕ್ಕಿಗಿಂತ ಕಡಿಮೆ. ಅವನು ಒಳ್ಳೆಯವನೇ ಇರಬಹುದು. ಹಾಗಿದ್ದರೂ ಬದಲಾಯಿಸಿ. ನಾಳೆ ಕಳವಾದರೆ ಅವನ ಮೇಲೆ ಅನುಮಾನ ಬರುವ ದಾರಿಯೇ ಇರುವುದಿಲ್ಲ. ಬೀಗದ ಹಾಗೆಯೇ ಮೊಬೈಲ್ ಪಿನ್ನು, ಕಂಪ್ಯೂಟರಿನ ಪಾಸ್‌ವರ್ಡು, ವೈಫೈ, ಕ್ಯಾಮೆರಾದ ಪಾಸ್‌ವರ್ಡು. ಕ್ಯಾಮೆರಾ ಹಾಕಿಸಿದ್ದೇನೆ, ಇನ್ನು ಚಿಂತೆಯಿಲ್ಲ ಅನ್ನುವವರು ಬಹಳ. ಆ ಕ್ಯಾಮೆರಾದಲ್ಲಿ ಬಿದ್ದದ್ದನ್ನು ಅಳಿಸಲು ಯಾರಿಗೆ ಬರುತ್ತದೆ ಎಂದು ಕೇಳಿದರೆ, "ಹುಡುಗನಿಗೆ ಬರುತ್ತದೆ, ನನಗೆ ಅದೆಲ್ಲ ಗೊತ್ತಿಲ್ಲ" ಅನ್ನುತ್ತಾರೆ.

ಎರಡನೆಯದು, ಒಂದೇ ಕೆಲಸ ಒಬ್ಬರ ಕೈಯಲ್ಲೇ ಬಹಳ ಕಾಲ ಇರುವುದು. 2018ರ ಫೆಬ್ರವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಹಗರಣ ಹೊರಬಂತು, ವಜ್ರದ ವ್ಯಾಪಾರಿ ನೀರವ್ ಮೋದಿಯ ಹೆಸರಿನದು. ಮೊದಲು ಹೇಳಿದ ಮೊತ್ತ ಸುಮಾರು 11,400 ಕೋಟಿ ರೂಪಾಯಿ, ಆಮೇಲೆ ಅದು ಇನ್ನೂ ಏರಿತು. ಮುಂಬಯಿಯ ಒಂದು ಶಾಖೆಯ ಡೆಪ್ಯುಟಿ ಮ್ಯಾನೇಜರ್ ಒಬ್ಬರು 2010ರಿಂದ 2017ರವರೆಗೆ ಅದೇ ಶಾಖೆಯಲ್ಲಿದ್ದರು. ವಿದೇಶದ ಬ್ಯಾಂಕುಗಳಿಗೆ ಖಾತರಿ ಸಂದೇಶ ಕಳಿಸುವ ಯಂತ್ರ ಬೇರೆ, ಬ್ಯಾಂಕಿನ ಲೆಕ್ಕದ ಯಂತ್ರ ಬೇರೆ, ಎರಡಕ್ಕೂ ಕೊಂಡಿ ಇರಲಿಲ್ಲ. ಸಂದೇಶ ಹೋಗುತ್ತಿತ್ತು, ಲೆಕ್ಕದಲ್ಲಿ ಬರುತ್ತಿರಲಿಲ್ಲ. ಅವರು ನಿವೃತ್ತರಾದ ಮೇಲೆ, 2018ರ ಜನವರಿಯಲ್ಲಿ, ವ್ಯಾಪಾರಿಯ ಕಡೆಯವರು ಮತ್ತೆ ಬಂದು ಅದೇ ಸೌಲಭ್ಯ ಕೇಳಿದರು. ಹೊಸ ಅಧಿಕಾರಿ, ಪೂರ್ತಿ ಹಣ ಠೇವಣಿ ಇಡಿ ಅಂದರು. ಹಿಂದೆ ನಮಗೆ ಹಾಗೇ ಕೊಡುತ್ತಿದ್ದರಲ್ಲ ಅಂದರು ಅವರು. ಕಡತ ತೆಗೆದು ನೋಡಿದರೆ ಅಂಥದ್ದೇನೂ ಇಲ್ಲ. ಕುರ್ಚಿಯ ಮೇಲೆ ಕೂತವರು ಬದಲಾದ ಕಾರಣಕ್ಕೇ ವಿಷಯ ಬೆಳಕಿಗೆ ಬಂತು.

ಇಂಗ್ಲೆಂಡಿನ ಬೇರಿಂಗ್ಸ್ ಬ್ಯಾಂಕ್ 1762ರಿಂದ ನಡೆದು ಬಂದದ್ದು, 1995ರ ಫೆಬ್ರವರಿಯಲ್ಲಿ ಮುಳುಗಿತು. ಅದರ ಸಿಂಗಾಪುರದ ಕಚೇರಿಯಲ್ಲಿ ನಿಕ್ ಲೀಸನ್ ಎಂಬವನು ವ್ಯಾಪಾರವನ್ನೂ ಮಾಡುತ್ತಿದ್ದ, ಆ ವ್ಯಾಪಾರದ ಲೆಕ್ಕ ತಾಳೆ ಹಾಕುವ ವಿಭಾಗವೂ ಅವನ ಕೈಕೆಳಗೇ ಇತ್ತು. ನಷ್ಟ 82 ಕೋಟಿ ಪೌಂಡಿಗೂ ಮಿಕ್ಕಿತ್ತು. ಕೊನೆಗೆ ಆ ಬ್ಯಾಂಕನ್ನು ಹಾಲೆಂಡಿನ ಐಎನ್‌ಜಿಯವರು ಒಂದೇ ಒಂದು ಪೌಂಡಿಗೆ ಕೊಂಡರು.

ಅಷ್ಟು ದೊಡ್ಡ ಬ್ಯಾಂಕಿಗೂ ನಮ್ಮ ಭಾವನ ಕಿರಾಣಿ ಅಂಗಡಿಗೂ ತಪ್ಪು ಒಂದೇ. ದುಡ್ಡು ಮುಟ್ಟುವವನೇ ಲೆಕ್ಕ ಬರೆಯುವವನು.

ನೀವು ಕೇಳಬಹುದು, ಅಂಗಡಿಯಲ್ಲಿ ಇರುವವರೇ ಇಬ್ಬರು, ಎರಡು ಕೀಲಿ, ಮೂರು ಸಹಿ ಎಲ್ಲಿಂದ ತರುವುದು? ನಮ್ಮ ಗೋವೆಯ ಪಾವ್ ಮಾರುವವರನ್ನು ನೋಡಿ. ಬೆಳಗಿನ ಜಾವ ಸೈಕಲ್ಲಿನ ಹಾರ್ನ್ ಒತ್ತಿಕೊಂಡು ಬರುತ್ತಾರಲ್ಲ, ಈಗ ಅವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದಾರೆ. ಬೇಕರಿಯಿಂದ 300 ಪಾವ್ ಎಣಿಸಿ ಕೊಟ್ಟರು ಅನ್ನಿ. ತಿರುಗಿ ಬಂದದ್ದು 40. ಅಂದರೆ 260 ಹೋಗಿವೆ. 200ರ ದುಡ್ಡು ನಗದು, 60 ತಿಂಗಳ ಲೆಕ್ಕದ ಮನೆಗಳಿಗೆ. ಆ ಮನೆಯ ಬಾಯಿ ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತಾಳೆ, ಹುಡುಗ ತನ್ನ ಪುಸ್ತಕದಲ್ಲಿ ಬರೆಯುತ್ತಾನೆ. ತಿಂಗಳ ಕೊನೆಗೆ ಎರಡನ್ನೂ ಹೋಲಿಸಿದರೆ ಆಯಿತು. ಒಬ್ಬಳು ಗಿರಾಕಿ ಪೈಸೆ ಖರ್ಚಿಲ್ಲದೆ ನಿಮ್ಮ ಆಡಿಟರ್ ಆಗಿರುತ್ತಾಳೆ. ಇಬ್ಬರೇ ಇರುವ ಅಂಗಡಿಯಲ್ಲಿ ಮೂರನೆಯ ಕಣ್ಣು ಗಿರಾಕಿಯದೇ. ಬಿಲ್ ಕೊಡಿ, ಸಣ್ಣ ಚೀಟಿಯಾದರೂ ಸರಿ, ಅದರ ಮೇಲೆ ಅಚ್ಚಿನ ಅನುಕ್ರಮ ಸಂಖ್ಯೆ ಇರಲಿ. ನಡುವೆ ಒಂದು ಸಂಖ್ಯೆ ಕಾಣೆಯಾದರೆ ಕೇಳಬಹುದು.

ಗಲ್ಲಾ ಕೈಬದಲಾಗುವ ಪ್ರತಿ ಸಲ ಎಣಿಸಿ, ಇಬ್ಬರೂ ಒಂದು ಪುಸ್ತಕದಲ್ಲಿ ಸಹಿ ಹಾಕಿ. ಊಟಕ್ಕೆ ಹೋಗುವಾಗಲೂ. ನಾಚಿಕೆ ಬೇಡ. ಹೆಂಡತಿ, ಮಗ, ಅಳಿಯ ಯಾರೇ ಇರಲಿ. ಮನೆಯವರಿಗೆ ವಿನಾಯಿತಿ ಕೊಟ್ಟ ದಿನ ಕೆಲಸದವನಿಗೆ ಎಣಿಸು ಎಂದು ಹೇಳುವ ಹಕ್ಕು ಹೋಗುತ್ತದೆ. ತಿಂಗಳಿಗೊಮ್ಮೆ, ಮೊದಲೇ ಹೇಳದೆ, ನಾಲ್ಕೈದು ಬೆಲೆಬಾಳುವ ವಸ್ತುಗಳನ್ನು ಮಾತ್ರ ಎಣಿಸಿ. ಎಣ್ಣೆ, ಗೋಡಂಬಿ, ಸಿಗರೇಟು, ಬಾರ್ ಇದ್ದರೆ ಬಾಟಲಿ. ಅಂಗಡಿಯೆಲ್ಲ ಎಣಿಸಲು ಹೊರಟರೆ ಒಂದು ತಿಂಗಳು ಮಾಡಿ ಎರಡನೆಯ ತಿಂಗಳು ಬಿಡುತ್ತೀರಿ.

ರಜೆಯ ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ಸೂಕ್ಷ್ಮ ಜಾಗದಲ್ಲಿರುವ ಬ್ಯಾಂಕ್ ನೌಕರರನ್ನು ವರ್ಷಕ್ಕೊಮ್ಮೆ ಮುನ್ಸೂಚನೆ ಕೊಡದೆ, ಕಡಿಮೆಯೆಂದರೆ 10 ಕೆಲಸದ ದಿನ ಒಟ್ಟಿಗೆ ರಜೆಯ ಮೇಲೆ ಕಳಿಸಬೇಕು ಎಂದು ರಿಸರ್ವ್ ಬ್ಯಾಂಕ್ 2021ರ ಜುಲೈಯಲ್ಲಿ ಆದೇಶ ಮಾಡಿತು. ದಿನವೂ ಸ್ವಲ್ಪ ಸ್ವಲ್ಪ ಮುಚ್ಚಿಡುತ್ತಾ ಬಂದ ಮೋಸ, ಮುಚ್ಚುವವನು ಹತ್ತು ದಿನ ಇಲ್ಲದಿದ್ದರೆ ತಾನಾಗಿ ಮೇಲೆ ಬರುತ್ತದೆ. ನಿಮ್ಮ ಹುಡುಗ ಬನಶಂಕರಿ ಜಾತ್ರೆಗೆ ಎಂಟು ದಿನ ಊರಿಗೆ ಹೋಗುತ್ತೇನೆ ಅಂದರೆ ಮುಖ ಗಂಟಿಕ್ಕಬೇಡಿ, ಸಂತೋಷದಿಂದ ಕಳಿಸಿ, ಆ ಎಂಟು ದಿನ ಅವನ ಜಾಗದಲ್ಲಿ ನೀವೇ ಕೂರಿ. ಐದು ವರ್ಷ ಒಂದು ದಿನವೂ ರಜೆ ಹಾಕದ ಗುಮಾಸ್ತನನ್ನು ನಾವು ಹೊಗಳುತ್ತೇವೆ. ಅವನು ನಿಜವಾಗಿ ನಿಷ್ಠಾವಂತನೇ ಇರಬಹುದು. ಆದರೂ ಕಳಿಸಿ.

ಈಗ ಮೊಬೈಲ್ ಪಾವತಿ. ನಾನು ನಿವೃತ್ತನಾಗುವ ಹೊತ್ತಿಗೆ ಇದು ಬಂತು, ನನಗಿಂತ ನನ್ನ ಮೊಮ್ಮಗನಿಗೆ ಚೆನ್ನಾಗಿ ಗೊತ್ತು. ಆದರೂ ಲೆಕ್ಕ ಲೆಕ್ಕವೇ. ಗಿರಾಕಿ ಬಂದಾಗ "ಆ ಕೋಡ್ ಕೆಲಸ ಮಾಡುತ್ತಿಲ್ಲ, ಇದಕ್ಕೆ ಹಾಕಿ" ಎಂದು ತನ್ನದೇ ಕ್ಯೂಆರ್ ಕೋಡ್ ತೋರಿಸುವುದು ಇಂದಿನ ಮೂರು ಎಣ್ಣೆ ಡಬ್ಬಿ. ಅಂಗಡಿ ತೆರೆದ ಕೂಡಲೇ ನಿಮ್ಮ ಇನ್ನೊಂದು ಫೋನಿನಿಂದ ಅಂಗಡಿಯ ಕೋಡನ್ನು ಸ್ಕ್ಯಾನ್ ಮಾಡಿ, ನಿಮ್ಮ ಹೆಸರೇ ಬರುತ್ತದೆಯೇ ನೋಡಿ, ಒಂದು ರೂಪಾಯಿ ಹಾಕಿ, ಪೆಟ್ಟಿಗೆ ಕೂಗುತ್ತದೆಯೇ ಕೇಳಿ. ಹಳೆಯ ಕೋಡಿನ ಮೇಲೆ ಹೊಸ ಕಾಗದ ಅಂಟಿಸಿದ್ದರೆ ಅಲ್ಲೇ ತಿಳಿಯುತ್ತದೆ. ರಾತ್ರಿ ಬಿಲ್ಲಿನ ಮೊತ್ತಕ್ಕೆ ನಗದು, ಉದ್ರಿ, ಬ್ಯಾಂಕಿಗೆ ಬಂದದ್ದು ಮೂರೂ ಸೇರಿ ತಾಳೆಯಾಗಬೇಕು.

ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರ್ ಯಾರದು ಎಂಬುದನ್ನು ಇವತ್ತೇ ನೋಡಿಕೊಳ್ಳಿ. ಸಾಲಿನಲ್ಲಿ ನಿಂತ ಎಷ್ಟೋ ಅಂಗಡಿಕಾರರು "ನನಗೆ ಮೆಸೇಜ್ ಓದಲು ಬರುವುದಿಲ್ಲ, ಹುಡುಗನ ನಂಬರ್ ಹಾಕಿ" ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆ ನಂಬರಿಗೆ ಬರುವುದೇ ಓಟಿಪಿ. ನಿಮ್ಮ ತಿಜೋರಿಯ ಎರಡೂ ಕೀಲಿಗಳನ್ನು ಅವನ ಕೈಗೆ ಕೊಟ್ಟ ಹಾಗೆ. 2017ರ ಜುಲೈಯ ರಿಸರ್ವ್ ಬ್ಯಾಂಕ್ ಆದೇಶವೂ ಇದನ್ನೇ ಹೇಳಿತು: ಗಿರಾಕಿ ತಾನೇ ಪಿನ್ ಅಥವಾ ಪಾಸ್‌ವರ್ಡ್ ಹಂಚಿಕೊಂಡಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗಿರಾಕಿಯದು. ಮೋಸ ತಿಳಿದ ಕೂಡಲೇ ಬ್ಯಾಂಕಿಗೂ 1930 ನಂಬರಿಗೂ ಫೋನ್ ಮಾಡಿ. ಮನೆಯಲ್ಲಿ ಕೂತು ಯೋಚಿಸಿ ಬೆಳಗ್ಗೆ ನೋಡೋಣ ಎನ್ನಬೇಡಿ.

ಇದೇ ತಪ್ಪು ಜಿಎಸ್‌ಟಿಯಲ್ಲೂ ಆಗುತ್ತದೆ. 2017ರಲ್ಲಿ ಅವಸರದಲ್ಲಿ ನೋಂದಣಿ ಮಾಡಿಸಿದಾಗ ಎಷ್ಟೋ ಸಣ್ಣ ಅಂಗಡಿಗಳಿಗೆ ತೆರಿಗೆ ಕೆಲಸ ನೋಡುವವರು ತಮ್ಮದೇ ಮೊಬೈಲ್, ತಮ್ಮದೇ ಇಮೇಲ್ ಹಾಕಿದರು. ಅವರ ಜೊತೆ ಮನಸ್ತಾಪ ಬಂದರೆ ನಿಮ್ಮ ಅಂಗಡಿಯ ಬಾಗಿಲು ನಿಮಗೇ ಮುಚ್ಚಿತು. ಹಾಗಾಗಿದ್ದರೆ ನೋಂದಣಿಯ ಕಾಗದ ಪತ್ರ ಹಿಡಿದು ನಿಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಬಳಿ ಹೋಗಿ, ನಿಮ್ಮ ನಂಬರ್ ಹಾಕಿಸಿಕೊಳ್ಳಬಹುದು.

ಚೆಕ್ಕಿನ ವಿಷಯದಲ್ಲಿ ಒಂದೇ ಮಾತು, ಸಹಿ ಹಾಕಿದ ಖಾಲಿ ಚೆಕ್ಕನ್ನು ಅಂಗಡಿಯಲ್ಲಿ ಇಟ್ಟು ಹೋಗಬೇಡಿ. "ಡಿಸ್ಟ್ರಿಬ್ಯೂಟರ್ ಬಂದರೆ ಬರೆದು ಕೊಡು" ಎಂದು ಹೇಳಿ ಮದುವೆಗೆ ಹೋಗುತ್ತೀರಿ. ಹೆಸರು ಬರೆದು, ಮೊತ್ತ ಬರೆದು, ಎಡ ಮೂಲೆಯಲ್ಲಿ ಎರಡು ಗೆರೆ ಎಳೆದು ಖಾತೆಗೆ ಮಾತ್ರ ಎಂದು ಬರೆದು ಹೋಗಲು ಎರಡು ನಿಮಿಷ ಸಾಕು. ಹೊಸ ಚೆಕ್ ಪುಸ್ತಕ ಬಂದಾಗ ಹಾಳೆ ಎಣಿಸಿ. ಕದಿಯುವವನು ಮೇಲಿನ ಹಾಳೆ ಕದಿಯುವುದಿಲ್ಲ, ಕೊನೆಯದನ್ನು ಕದಿಯುತ್ತಾನೆ, ನಿಮಗೆ ಮೂರು ತಿಂಗಳು ಗೊತ್ತೇ ಆಗುವುದಿಲ್ಲ.

ಮನುಷ್ಯ ಯಾಕೆ ಕದಿಯುತ್ತಾನೆ? ಅಮೆರಿಕದ ಡೊನಾಲ್ಡ್ ಕ್ರೆಸ್ಸಿ ಎಂಬ ವಿದ್ವಾಂಸರು ಜೈಲಿನಲ್ಲಿದ್ದ ಇಂಥ ಅಪರಾಧಿಗಳನ್ನು ಮಾತಾಡಿಸಿ 1953ರಲ್ಲಿ ಒಂದು ಪುಸ್ತಕ ಬರೆದರು. ಯಾರಿಗೂ ಹೇಳಿಕೊಳ್ಳಲಾಗದ ದುಡ್ಡಿನ ತೊಂದರೆ, ಸಿಕ್ಕಿದ ಅವಕಾಶ, ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ, ಈ ಮೂರು ಕೂಡಿದಾಗ ನಂಬಿಗಸ್ತನೂ ಜಾರುತ್ತಾನೆ ಎಂಬುದು ಅದರ ಸಾರ. ಕೀಲಿ, ಎಣಿಕೆ, ಸಹಿ ಇವು ಅವಕಾಶಕ್ಕೆ ಅಡ್ಡ. ಉಳಿದೆರಡಕ್ಕೆ ಮಾಲೀಕನೂ ಸ್ವಲ್ಪ ಹೊಣೆ. ಪಗಾರ ಹತ್ತನೇ ತಾರೀಕಿಗೂ ಕೊಡದೆ ಸತಾಯಿಸುವವನು, "ನನ್ನ ದುಡ್ಡು ನಾನೇ ತೆಗೆದುಕೊಂಡೆ" ಎಂಬ ಸಮಾಧಾನವನ್ನು ತಾನೇ ಕಲಿಸುತ್ತಾನೆ. ಮನೆಯಲ್ಲಿ ಕಾಯಿಲೆ ಬಂದಾಗ ಮುಂಗಡ ಕೇಳಲು ಧೈರ್ಯವಾಗುವಂತೆ ಇರಿ. ಕೊಟ್ಟದ್ದನ್ನು ಬರೆದು, ಅವನ ಸಹಿ ತೆಗೆದುಕೊಳ್ಳಿ, ಒಂದು ಪ್ರತಿ ಅವನಿಗೂ ಕೊಡಿ.

ಇಷ್ಟಾದರೂ ಕಳವಾದರೆ? ಹೊಡೆಯಬೇಡಿ, ಕೋಣೆಯಲ್ಲಿ ಕೂಡಿ ಹಾಕಬೇಡಿ, ಹಾಗೆ ಮಾಡಿದರೆ ನೀವೇ ಅಪರಾಧಿ. ಆಧಾರ್ ಕಾರ್ಡಿನ ಅಸಲು ಹಿಡಿದಿಟ್ಟುಕೊಳ್ಳಬೇಡಿ, ಕೆಲಸಕ್ಕೆ ಸೇರಿಸುವಾಗ ಪ್ರತಿ ಇಟ್ಟುಕೊಂಡಿದ್ದರೆ ಸಾಕು. ಮೊದಲು ಇಬ್ಬರು ಸಾಕ್ಷಿಗಳ ಮುಂದೆ, ಅವನೂ ಇರುವಾಗಲೇ, ಎಣಿಸಿ ಬರೆಯಿರಿ. ಅವನ ಮಾತನ್ನೂ ಬರೆಯಿರಿ. ಆಮೇಲೆ ಪೊಲೀಸು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗುಮಾಸ್ತ ಅಥವಾ ನೌಕರ ಮಾಡಿದ ಕಳವಿಗೆ 306ನೇ ಕಲಮು, ನಂಬಿ ಒಪ್ಪಿಸಿದ್ದನ್ನು ನುಂಗಿದರೆ 316ನೇ ಕಲಮಿನ 4ನೇ ಉಪಕಲಮು. ಎರಡರಲ್ಲೂ ಏಳು ವರ್ಷದವರೆಗೆ ಸಜೆಯಿದೆ. ಅಷ್ಟು ದೊಡ್ಡ ಶಿಕ್ಷೆಯ ಆರೋಪವನ್ನು ಒಬ್ಬನ ಮೇಲೆ ಹೊರಿಸುವ ಮೊದಲು ಕೈಯಲ್ಲಿ ಲೆಕ್ಕ ಇರಬೇಕು.

ಭಾವ ಈಗಿಲ್ಲ. ಅಂಗಡಿಯನ್ನು ಅಕ್ಕನ ಮಗಳು ನಡೆಸುತ್ತಾಳೆ. ಗಲ್ಲಾದ ಪಕ್ಕದಲ್ಲಿ ದಾರ ಕಟ್ಟಿದ ಒಂದು ಪೆನ್ನು, ಒಂದು ಉದ್ದ ಪುಸ್ತಕ ಇದೆ. ಕಳೆದ ತಿಂಗಳು ನಾನು ಹೋದಾಗ ಅವಳಿಗೆ ಫೋನ್ ಬಂತು. "ಮಾಮಾ, ಹತ್ತು ನಿಮಿಷ ಗಲ್ಲಾದಲ್ಲಿ ಕೂರುತ್ತೀರಾ?" ಅಂದಳು. ಕೂರುತ್ತೇನೆ ಎಂದು ಎದ್ದೆ. ಗಲ್ಲಾ ಎಳೆದು ನನ್ನ ಮುಂದೆಯೇ ಎಣಿಸಿದಳು, 4,260 ರೂಪಾಯಿ, ಪುಸ್ತಕ ನನ್ನ ಕಡೆ ತಿರುಗಿಸಿ ಸಹಿ ಹಾಕಿಸಿಕೊಂಡಳು.